ಇಳಿಯುವ ದಾರಿ ಬೆಟ್ಟವಲ್ಲ

ಮೇ ತಿಂಗಳ ಆ ಭಾನುವಾರ ಮಧ್ಯಾಹ್ನ ನನ್ನ ಹೆಂಡತಿ ನೆಲದ ಮೇಲೆ ನಕ್ಷೆ ಹರಡಿಕೊಂಡು, ಬೋರಲು ಮಲಗಿ ಕಾಲು ಆಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಎದಾಮಾಮೆ ಸುಲಿಯುತ್ತಿದ್ದೆ. ಅವರೆಕಾಳು ಸಿಗದ ದೇಶದಲ್ಲಿ ಈ ಹಸಿ ಸೋಯಾ ಕಾಳನ್ನೇ ಅವರೆ ಎಂದುಕೊಂಡು ಸಾರು ಮಾಡುವುದು ಇಲ್ಲಿನ ಕನ್ನಡಿಗರ ಅಭ್ಯಾಸ. ಅದೇ ರುಚಿ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬರುವುದಿಲ್ಲ.

ಅವಳು ಹುಡುಕುತ್ತಿದ್ದದ್ದು ಹತ್ತದೆ ನಡೆಯಬಹುದಾದ ಬೆಟ್ಟದ ದಾರಿಯನ್ನು. ಆ ಚಳಿಗಾಲದಲ್ಲಿ ತುಮಕೂರಿನಲ್ಲಿ ಅವಳ ಅಪ್ಪ ತೀರಿಕೊಂಡಿದ್ದರು. ಸಾವಾದ ಮನೆಯವರು ವರ್ಷ ತುಂಬುವವರೆಗೆ ಬೆಟ್ಟ ಹತ್ತಬಾರದು ಎಂಬ ಮಾತು ನಮ್ಮ ಕಡೆ ಇದೆ. ಬೆಟ್ಟ ಎಂದರೆ ದೇವಸ್ಥಾನ ಇರುವ ಬೆಟ್ಟವೋ, ಎಲ್ಲ ಬೆಟ್ಟಗಳೋ, ಹೊರದೇಶದ ಬೆಟ್ಟವೂ ಸೇರಿತೋ, ಯಾರಿಗೂ ಸರಿಯಾಗಿ ಗೊತ್ತಿಲ್ಲ. ಗೊತ್ತಿಲ್ಲದೆ ಇರುವುದರಿಂದಲೇ ಅದು ಅಷ್ಟು ಗಟ್ಟಿಯಾಗಿ ಉಳಿದಿದೆ. ಅದೂ ಕರ್ಮ ಮಾಡಿದ ಗಂಡುಮಗನಿಗೆ ಹೇಳುವ ಮಾತು, ಮದುವೆ ಮಾಡಿ ಕೊಟ್ಟ ಹೆಣ್ಣಿಗಲ್ಲ. ಆದರೆ ನನ್ನ ಅತ್ತೆ ಅದನ್ನು ಫೋನಿನಲ್ಲೇ ಮಗಳಿಗೂ ವಿಧಿಸಿದರು. ನನ್ನ ಹೆಂಡತಿ ಟೋಕಿಯೋ ಹತ್ತಿರದ ಸಗಮಿಹಾರಾದಲ್ಲಿ ಎಂಜಿನಿಯರ್. ಉಪಗ್ರಹದ ಭಾಗಗಳನ್ನು ಅಲುಗಾಡಿಸಿ, ಕಾಯಿಸಿ, ತಣ್ಣಗೆ ಮಾಡಿ, ಮೇಲೆ ಹೋದಮೇಲೆ ಕೆಡುತ್ತವೆಯೋ ಇಲ್ಲವೋ ಎಂದು ಇಲ್ಲೇ ನೋಡುವುದು ಅವಳ ಕೆಲಸ. ಅಂಥವಳು ಅಮ್ಮನಿಗೆ ಮರುಮಾತಾಡದೆ ಆಯ್ತಮ್ಮ ಎಂದಳು. ಎಂದವಳೇ ಜಪಾನಿನ ನಕ್ಷೆಗಳನ್ನು ತಂದು, ಒಪ್ಪಿದ ಮಾತನ್ನು ಮುರಿಯದೆ ತಪ್ಪಿಸಿಕೊಳ್ಳುವ ದಾರಿ ಹುಡುಕಲು ಕೂತಳು.

ಸಿಕ್ಕಿದ್ದು ಕುರೋಬೆ ನದಿಯ ಕಮರಿ. ಉತ್ತರದ ಎತ್ತರದ ಪರ್ವತಗಳ ನಡುವೆ ನದಿ ಕೊರೆದ ಆಳವಾದ ಸೀಳು ಅದು. ಅಣೆಕಟ್ಟು ಕಟ್ಟುವ ಕಾಲದಲ್ಲಿ ಬಂಡೆಯ ಗೋಡೆಯಲ್ಲಿ ಒಬ್ಬ ಆಳು ಹಿಡಿಸುವಷ್ಟು ಅಗಲದ ದಾರಿ ಕಡಿದರು. ಅದು ಮೇಲಿನ ಅಣೆಕಟ್ಟಿನ ಹತ್ತಿರ ಶುರುವಾಗಿ ನದಿಯ ಜೊತೆಗೇ ಕೆಳಗೆ ಹೋಗುತ್ತದೆ. ಪ್ರತಿ ಚಳಿಗಾಲ ಹಿಮ ಬಂದು ಆ ದಾರಿಯ ಹಲಗೆ, ಏಣಿಗಳನ್ನೆಲ್ಲ ಕಿತ್ತುಹಾಕುತ್ತದೆ. ಪ್ರತಿ ವರ್ಷ ಕೆಲಸದವರು ಮತ್ತೆ ಕಟ್ಟುತ್ತಾರೆ. ಹಾಗಾಗಿ ಶರತ್ಕಾಲದ ಕೆಲವೇ ವಾರ ಅದು ತೆರೆದಿರುತ್ತದೆ.

"ಶುರುವಾಗೋ ಜಾಗ ಎತ್ತರ, ಮುಗಿಯೋ ಜಾಗ ತಗ್ಗು. ಇಳಿಯೋ ದಾರಿ ಬೆಟ್ಟ ಅಲ್ಲ," ಎಂದಳು.

ನಾನು ಬಗ್ಗಿ ನೋಡಿದೆ. ನನಗೆ ಐಟಿಐ ಫಿಟ್ಟರ್ ಓದು ಅಷ್ಟೇ, ಆದರೆ ನಕ್ಷೆಯಲ್ಲಿ ಗೆರೆಗಳು ಒತ್ತೊತ್ತಾಗಿದ್ದರೆ ಕಡಿದು ಎಂದು ಅವಳೇ ಹೇಳಿಕೊಟ್ಟಿದ್ದಳು. "ಮಧ್ಯದಲ್ಲಿ ಇಲ್ಲಿ ಏರು ಇದೆಯಲ್ಲ?"

"ಅದನ್ನ ಮೆಟ್ಟಿಲು ಅನ್ಕೋ. ಮನೆ ಮೆಟ್ಟಿಲು ಹತ್ತಲ್ವಾ?"

"ನಿಮ್ಮಮ್ಮಂಗೆ ಇದೇ ಹೇಳ್ತೀಯಾ?"

"ಅಮ್ಮಂಗೆ ಇಳಿಯೋದ್ ಮಾತ್ರ ಹೇಳ್ತೀನಿ. ಹತ್ತೋದು ನೀನು ಹೇಳು, ಅಳಿಯ ಅಂದ್ರೆ ಜಾಸ್ತಿ ಮರ್ಯಾದೆ."

ಅದೇ ಬೆಳಿಗ್ಗೆ ನಾವು ಮನೆಗೆ ಹತ್ತಿರದ ತಕಾವೊಗೆ ಹೋಗಿ ಬಂದಿದ್ದೆವು. ಅದೂ ಬೆಟ್ಟವೇ, ಮೇಲೆ ದೇವಸ್ಥಾನವೂ ಇದೆ. ಆದರೆ ಮುಕ್ಕಾಲು ದಾರಿ ಕೇಬಲ್ ಕಾರಿನಲ್ಲಿ ಹೋಗಬಹುದು, ಹಾಗಾಗಿ ಹತ್ತಿದ್ದು ತಾನಲ್ಲ, ಕೇಬಲ್ ಕಾರು ಎನ್ನುವುದು ಅವಳ ವಾದ. ಮೇಲೆ ನಿಂತು ತೆಗೆದುಕೊಂಡ ಫೋಟೋವನ್ನು ತಮ್ಮನಿಗೆ ಕಳಿಸಿದಳು. ಸಂಜೆ ಸಾರು ಚೆನ್ನಾಗಿದೆ ಎಂದು ಸುಳ್ಳು ಹೇಳಿ ಎರಡು ಸಲ ಬಡಿಸಿಕೊಂಡಳು.

ಮಾರನೆಯ ದಿನ ಕೆಲಸದ ಜಾಗದಲ್ಲಿ ಬಿದ್ದಳು, ಮತ್ತೆ ಏಳಲಿಲ್ಲ. ತಲೆಯೊಳಗೆ ರಕ್ತನಾಳ ಒಡೆದಿತ್ತು. ನಾಳದ ಗೋಡೆ ಹುಟ್ಟಿದಾಗಿನಿಂದಲೂ ತೆಳುವಾಗಿದ್ದಿರಬಹುದು, ಯಾವತ್ತಾದರೂ ಆಗಬಹುದಿತ್ತು ಎಂದು ಡಾಕ್ಟರು ನನಗೆ ಅರ್ಥವಾಗುವಷ್ಟು ಸುಲಭದ ಜಪಾನಿಯಲ್ಲಿ ಹೇಳಿದರು. ಅದನ್ನೇ ನಾನು ತುಮಕೂರಿಗೆ ಕನ್ನಡದಲ್ಲಿ ಹೇಳಿದೆ. ಅಷ್ಟು ಹೊತ್ತಿಗೆ ನನ್ನ ಭಾಮೈದ ಅಮ್ಮನಿಗೆ ಬೆಟ್ಟದ ಫೋಟೋ ತೋರಿಸಿಯಾಗಿತ್ತು. ಅತ್ತೆ ರಕ್ತನಾಳದ ವಿಷಯವನ್ನೆಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು.

"ವರ್ಷ ತುಂಬಿಲ್ಲ ಅಂತ ಗೊತ್ತಿದ್ದೂ ನೀವಾದ್ರೂ ತಡೀಬಾರ್ದಿತ್ತಾ?"

ಆಮೇಲೆ ನನ್ನ ಜೊತೆ ಮಾತು ನಿಲ್ಲಿಸಿದರು. ನಾನು ಫೋನ್ ಮಾಡಿದರೆ ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಬೆಟ್ಟ ಮನುಷ್ಯರನ್ನು ಹುಡುಕಿಕೊಂಡು ಬಂದು, ಅದೂ ಒಂದು ದಿನ ತಡವಾಗಿ, ಆಫೀಸಿಗೆ ಬಂದು ಕೊಲ್ಲುತ್ತದೆ ಎಂದು ನಂಬುವವರ ಮೇಲೆ ನನಗೆ ತಿರಸ್ಕಾರ ಬಿಟ್ಟು ಬೇರೇನೂ ಬರುವುದಿಲ್ಲ. ಆದರೂ ನನಗೆ ಬೇಕಾಗಿದ್ದದ್ದು ಅದೊಂದೇ, ಅತ್ತೆ ನನ್ನ ಹತ್ತಿರ ಮಾತಾಡಬೇಕು. ಬೈದಿದ್ದರೂ ಆಗುತ್ತಿತ್ತು. ಅವಳು ಕೈಗೂಸಾಗಿದ್ದಾಗ ಹೇಗಿದ್ದಳು ಎಂದು ನಾನು ಕೇಳಬಹುದಾದ ಇನ್ನೊಬ್ಬರು ಈ ಲೋಕದಲ್ಲಿರಲಿಲ್ಲ.

ಮಿಕ್ಕವರೆಲ್ಲ ಬೇಕಾದಷ್ಟು ಮಾತಾಡಿದರು. ಟೋಕಿಯೋ ಸುತ್ತಲಿನ ನಮ್ಮವರು ಬಿಸಿಬೇಳೆಬಾತಿನ ಡಬ್ಬಿಗಳ ಜೊತೆ ಬಂದು, ಸೋಫಾದ ತುದಿಯಲ್ಲಿ ಕೂತು, ಸ್ಟ್ರಾಂಗ್ ಆಗಿರಿ ಎಂದು ಹೇಳಿ, ಹೋಗುವಾಗ ಹಿಂದಿನ ವಾರದ ಡಬ್ಬಿ ತೊಳೆದಿದೆಯೇ ಎಂದು ನೋಡಿಕೊಂಡು ಹೋಗುತ್ತಿದ್ದರು. ಒಬ್ಬರು ಪ್ರಕೃತಿಯ ಮಡಿಲಿಗೆ ಹೋದರೆ ಮನಸ್ಸು ಹಗುರವಾಗುತ್ತದೆ ಎಂದು ವಿಡಿಯೋ ಕಳಿಸಿದರು. ಅದರಲ್ಲಿ ಕೊಳಲು ಊದುತ್ತಿದ್ದರು, ಮೋಡ ಓಡುತ್ತಿತ್ತು. ಹೆಂಡತಿ ಸತ್ತವನಿಗೆ ಮೋಡ ತೋರಿಸುವವರಿಗೆ ಏನು ಹೇಳುವುದು? ಜಪಾನಿಯಲ್ಲಿ ಧನ್ಯವಾದ, ಅರಿಗಾತೋ ಎಂದು ಕಳಿಸಿದೆ.

ಸೆಪ್ಟೆಂಬರಿನಲ್ಲಿ ಭಾಮೈದನ ಫೋನು. ಅಕ್ಕನ ಸಾಮಾನು ನೋಡಿ ಬೇಕಾದ್ದನ್ನು ಊರಿಗೆ ತರುವ ನೆಪದಲ್ಲಿ ಬರುತ್ತೇನೆ, ಅಕ್ಕ ಹೇಳಿದ್ದ ಆ ಕಮರಿಯ ದಾರಿ ನಾವಿಬ್ಬರೂ ನಡೆದು ಬಿಡೋಣ ಎಂದ. ತುಮಕೂರಿನಲ್ಲಿ ಟೈಲ್ಸ್ ಅಂಗಡಿ ಇಟ್ಟುಕೊಂಡಿರುವ ಅವನು ಶನಿವಾರ ಬಂದರೆ ಟ್ರೆಕ್ಕಿಂಗಿಗೆ ಹೋಗುವವನು. ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡ ದೊಡ್ಡ ಗುಂಪು, ಬಸ್ಸಿನಲ್ಲಿ ಅಂತ್ಯಾಕ್ಷರಿ, ತುದಿಯಲ್ಲಿ ಕೈ ಎತ್ತಿ ಹಾರುವ ಫೋಟೋ. ಅದನ್ನು ಅವನು ಪರ್ವತ ಎನ್ನುತ್ತಾನೆ. ಅಮ್ಮನಿಗೇನು ಹೇಳಿದ್ದೀಯಾ ಎಂದು ಕೇಳಿದೆ. ಬರೀ ಇಳಿಯುವ ದಾರಿ, ಒಂದು ಹೆಜ್ಜೆಯೂ ಹತ್ತುವುದಿಲ್ಲ ಎಂದು ಅಪ್ಪನ ಫೋಟೋ ಮುಂದೆ ನಿಂತು ಮಾತು ಕೊಟ್ಟಿದ್ದಾನಂತೆ. ಮಧ್ಯದ ಏರಿನ ವಿಷಯ ಅವನಿಗೆ ಗೊತ್ತಿಲ್ಲ ಎಂದು ನನಗೆ ಆಗಲೇ ತಿಳಿಯಿತು. ಹೇಳಲಿಲ್ಲ. ನಕ್ಷೆ ನೋಡದೆ ಅಪ್ಪನ ಫೋಟೋ ಮುಂದೆ ನಿಲ್ಲುವವರು ದಾರಿಯಲ್ಲೇ ತಿಳಿದುಕೊಳ್ಳಲಿ ಅನ್ನಿಸಿತು.

ಕಮರಿಯ ನಡುವೆ ಇರುವುದು ಒಂದೇ ತಂಗುಮನೆ. ಹಿಮ ಒಡೆದುಹಾಕುತ್ತದೆಂದು ಅದನ್ನೂ ಪ್ರತಿ ವರ್ಷ ಬಿಚ್ಚಿಟ್ಟು ಮತ್ತೆ ಜೋಡಿಸುತ್ತಾರೆ. ಕಾಯ್ದಿರಿಸಲು ನಾನೇ ಫೋನ್ ಮಾಡಿದೆ. ನನ್ನ ಜಪಾನಿ ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಗಳಿಗೆ ಊಟದ ಡಬ್ಬಿ ತುಂಬಿಸುವ ಕಾರ್ಖಾನೆಯಲ್ಲಿ ಕಲಿತದ್ದು. ಅನ್ನ ಹಾಕು, ಮುಚ್ಚಳ ಮುಚ್ಚು, ಬೇಗ ಎನ್ನುವಷ್ಟಕ್ಕೆ ಸಾಕು. ತಂಗುಮನೆಯ ಯಜಮಾನ ನಮಸ್ಕಾರವನ್ನೂ ಪೂರ್ತಿ ಹೇಳಲು ಬಿಡದೆ, ಇದು ಪ್ರವಾಸದ ಜಾಗವಲ್ಲ, ಇಲ್ಲಿ ಕಾಲು ಜಾರಿದವರಿಗೆ ಗಾಯ ಆಗುವುದಿಲ್ಲ, ಸಾಯುತ್ತಾರೆ, ಗೊತ್ತಾ ಎಂದು ಕೇಳಿದ. ಗೊತ್ತು ಎಂದೆ. ಎಷ್ಟೋ ತಿಂಗಳ ನಂತರ ಯಾರೋ ನನ್ನ ಜೊತೆ ಸರಿಯಾಗಿ ಮಾತಾಡಿದಂತೆ ಅನ್ನಿಸಿತು.

ಅಕ್ಟೋಬರಿನಲ್ಲಿ ಭಾಮೈದ ಬಂದಿಳಿದಾಗ ತಲೆಯ ಮೇಲೊಂದು ಕ್ಯಾಮರಾ, ಎದೆಯ ಮೇಲೊಂದು ಕ್ಯಾಮರಾ. ಚೀಲದಲ್ಲಿ ಚಪಾತಿ, ಶೇಂಗಾ ಚಟ್ನಿಪುಡಿ, ಕೋಡುಬಳೆ, ಅವರಮ್ಮ ಕೊಟ್ಟ ಕುಂಕುಮದ ಪೊಟ್ಟಣ. ನನಗೇನಾದರೂ ಕೊಟ್ಟಿದ್ದಾರಾ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮರುದಿನ ಬಸ್ಸು, ರೈಲು, ಪರ್ವತದ ಹೊಟ್ಟೆಯೊಳಗಿನ ಸುರಂಗ ದಾಟಿ ಅಣೆಕಟ್ಟು ಸೇರಿ, ಹತ್ತಿರದ ವಸತಿಮನೆಯಲ್ಲಿ ಉಳಿದೆವು. ಬೆಳಗ್ಗೆ ಅಣೆಕಟ್ಟಿನ ಬುಡಕ್ಕೆ ಇಳಿಯುವ ದಾರಿಯಲ್ಲಿ ನಿಂತಾಗ ಅವನಿಗೆ ಬಹಳ ಸಂತೋಷವಾಯಿತು.

"ನೋಡಿ ಭಾವ, ಇಳಿತಾನೇ ಇದೀವಿ. ಅಮ್ಮಂಗೆ ವಿಡಿಯೋ ಮಾಡ್ಕೋತೀನಿ."

ಮಾಡಿಕೊಂಡ. ಅವನ ಕಾಲು, ಕಲ್ಲು, ಅವನ ಕಾಲು. ಇಳಿಯುವ ಸಾಕ್ಷಿ.

ದಾರಿ ಹೇಗಿದೆ ಎಂದು ಬರೆಯಲು ನನಗೆ ಇಷ್ಟವಿಲ್ಲ. ಅದನ್ನು ಕಂಡವರೆಲ್ಲ ವರ್ಣಿಸಿ ಕೆಡಿಸಿದ್ದಾರೆ. ಎಡಕ್ಕೆ ಬಂಡೆ, ಬಂಡೆಗೆ ಹೊಡೆದ ತಂತಿ. ಬಲಕ್ಕೆ ಏನೂ ಇಲ್ಲ, ಬಹಳ ಕೆಳಗೆ ಹಸಿರು ನೀರು. ತಲೆಯ ಮೇಲೂ ಬಂಡೆ, ಎತ್ತರದವರು ಬಗ್ಗಿ ನಡೆಯಬೇಕು. ಕೆಲವು ಕಡೆ ದಾರಿ ಕುಸಿದಲ್ಲಿ ಮರದ ದಿಮ್ಮಿಗಳನ್ನು ತಂತಿಯಿಂದ ಬಿಗಿದಿದ್ದಾರೆ. ಮೆಟ್ಟಿದರೆ ಅವು ಸ್ವಲ್ಪ ಬಗ್ಗುತ್ತವೆ. ಎದುರಿನಿಂದ ಬರುವ ಮುದುಕರು ಚೀಲಕ್ಕೆ ಕರಡಿ ಓಡಿಸುವ ಗಂಟೆ ಕಟ್ಟಿಕೊಂಡು, ಬಂಡೆಗೆ ಅಂಟಿ ನಿಂತು, ನಗುತ್ತಾ ಕೊನ್ನಿಚಿವಾ ಎಂದು ನಮಸ್ಕಾರ ಹೇಳುತ್ತಾರೆ. ಸಾಯುವ ಜಾಗದಲ್ಲೂ ಈ ಜನಕ್ಕೆ ಮರ್ಯಾದೆ ಬಿಡಲಾಗುವುದಿಲ್ಲ. ನಾವೂ ಸುಮಿಮಾಸೆನ್, ಕ್ಷಮಿಸಿ ಎಂದು ದಾಟಿದೆವು.

ಭಾಮೈದ ಬೇಗನೆ ಕ್ಯಾಮರಾ ಮರೆತ. ಒಂದು ಕಡೆ ಎರಡು ಹಳ್ಳಗಳು ಎರಡೂ ಬದಿಯಿಂದ ಬಂದು ಒಂದೇ ಜಾಗದಲ್ಲಿ ನದಿಗೆ ಬೀಳುತ್ತವೆ. ಅದನ್ನು ನೋಡಲೆಂದೇ ಜನ ಈ ದಾರಿಗೆ ಬರುತ್ತಾರಂತೆ. ನಾವು ಅಲ್ಲಿ ಕೂತು ಚಪಾತಿ ತಿಂದೆವು. ಅಕ್ಕ ಇದನ್ನು ನೋಡಿದ್ದರೆ ಏನು ಹೇಳುತ್ತಿದ್ದಳು ಎಂದು ಅವನು ಕೇಳಿದ. ಚಟ್ನಿಪುಡಿಗೆ ಎಣ್ಣೆ ಕಡಿಮೆ ಎನ್ನುತ್ತಿದ್ದಳು ಎಂದೆ. ಅವನಿಗೆ ನಗು ಬಂತು, ನಗುತ್ತಾ ನಗುತ್ತಾ ಮುಖ ತಿರುಗಿಸಿಕೊಂಡ. ನಾನು ಡಬ್ಬಿ ಮುಚ್ಚಿದೆ.

ಹೊತ್ತು ಇಳಿಯುವಾಗ ಇನ್ನೊಂದು ಸಣ್ಣ ಅಣೆಕಟ್ಟು ಬಂತು. ಅಲ್ಲಿ ದಾರಿ ಒಂದು ಬಾಗಿಲಿನ ಮೂಲಕ ಸುರಂಗದೊಳಗೆ ಹೋಗುತ್ತದೆ. ಒಳಗೆ ಬಂಡೆಯೇ ಬಿಸಿ, ಹಬೆಯಲ್ಲಿ ಕನ್ನಡಕ ಮಂಜಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ. ಆಚೆ ಬಂದರೆ ಕೆಲಸದವರ ಕಟ್ಟಡ, ಅದರ ಹಿಂದೆ ಏರು. ಏರು ಎಂದರೆ ಏರೇ. ಬೇರು ಹಿಡಿದು, ಏಣಿ ಹಿಡಿದು, ಮೇಲಕ್ಕೆ.

ಭಾಮೈದ ಆಚೆ ಈಚೆ ನೋಡಿದ. "ಭಾವ, ದಾರಿ ತಪ್ಪಿದೀವಿ."

"ಇಲ್ಲ. ಇದೇ ದಾರಿ."

"ಇದು ಹತ್ತೋದು."

"ಹೌದು."

"ನಿಮಗೆ ಗೊತ್ತಿತ್ತಾ?"

"ನಿಮ್ಮಕ್ಕಂಗೂ ಗೊತ್ತಿತ್ತು."

ಅವನು ಚೀಲ ಇಳಿಸಿ ಕಲ್ಲಿನ ಮೇಲೆ ಕೂತುಬಿಟ್ಟ. ಹಿಂದೆ ಇಡೀ ದಿನದ ದಾರಿ, ಮುಂದೆ ಏರು, ಬೆಳಕು ಹೋಗುತ್ತಿತ್ತು. ಟೀ ಶರ್ಟ್ ಗುಂಪಿನ ಜೊತೆ ಕೈ ಎತ್ತಿ ಹಾರುವ ಗಂಡಸು, ಮೂವತ್ತು ದಾಟಿದವನು, ಅಮ್ಮನಿಗೆ ಕೊಟ್ಟ ಮಾತಿನ ಮೇಲೆ ಕೋಳಿಯ ಹಾಗೆ ಕಾವು ಕೂತಿದ್ದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಲ್ಲೇ ಇರು, ವರ್ಷ ತುಂಬಿದ ಮೇಲೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದೆ. ಇಷ್ಟಕ್ಕೂ ಒಂದು ಏರಿಗೆ ಏನಾಗುತ್ತದೆ, ಯಾರನ್ನು ಕೊಲ್ಲುತ್ತದೆ, ಹೇಳು ಎಂದೆ.

ಅವನು ತಲೆ ಎತ್ತಲಿಲ್ಲ. "ಅದೇ ಭಾವ. ಅಪ್ಪ ಹೋದ್ಮೇಲೆ ನಾನು ಸಾವನದುರ್ಗ ಹತ್ತಿದೀನಿ, ಸ್ಕಂದಗಿರಿ ಹತ್ತಿದೀನಿ. ಕೊಡಚಾದ್ರಿಗೆ ಹೋಗ್ಬಂದು ಮಾರನೇ ವಾರನೇ ಅಕ್ಕ ತೀರ್ಕೊಂಡಿದ್ದು. ಕರ್ಮ ಮಾಡಿದ್ದು ನಾನು. ಅಮ್ಮಂಗೆ ಏನೂ ಗೊತ್ತಿಲ್ಲ."

ಅವನು ಏನು ಹೇಳುತ್ತಿದ್ದಾನೆ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅತ್ತೆಯ ಶಾಸ್ತ್ರವನ್ನೇ ಹಿಡಿದರೂ ನಿಯಮ ಇದ್ದದ್ದು ಮಗನಿಗೆ. ಮುರಿದವನು ಮಗ, ಒಂದಲ್ಲ ಹಲವು ಸಲ, ಕೇಬಲ್ ಕಾರೂ ಇಲ್ಲದೆ. ಅವನು ಆ ಮಾತನ್ನು ಅಮ್ಮನಿಗೆ ಹೇಳಿದರೆ ನನ್ನ ಮೇಲಿನ ಆರೋಪ ಅಲ್ಲಿಗೇ ಮುಗಿಯುತ್ತಿತ್ತು. ಐದು ತಿಂಗಳಿಂದ ಅವನು ಅದನ್ನು ಬಾಯಲ್ಲಿಟ್ಟುಕೊಂಡು, ಅಮ್ಮ ನನ್ನ ಫೋನ್ ಎತ್ತದೆ ಇರುವುದನ್ನು ಪಕ್ಕದಲ್ಲೇ ಕೂತು ನೋಡುತ್ತಿದ್ದ.

"ಹೇಳೋದಕ್ಕೆ ಏನ್ ಕಷ್ಟ?" ಎಂದೆ.

"ಹೇಳಿದ್ರೆ ಅಕ್ಕನ್ನ ನಾನೇ ತಿಂದೆ ಅನ್ಕೋತಾಳೆ."

"ನೀನು ಹಾಗೆ ಅನ್ಕೊಂಡಿದೀಯಾ?"

ಅವನು ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿದ. ಟೈಲ್ಸ್ ಅಳೆದು ಮಾರುವವನು, ಇಂಗ್ಲಿಷ್ ಮಾತಾಡುವವನು, ಇದನ್ನು ನಂಬಿದ್ದ. ನಂಬಿಕೊಂಡೇ ಈ ಕಮರಿಗೆ ಬಂದಿದ್ದ. ಒಂದೂ ಹೆಜ್ಜೆ ಹತ್ತದೆ ಅಕ್ಕನ ಆಸೆ ಮುಗಿಸಿದರೆ ತಾನು ಹತ್ತಿದ್ದೆಲ್ಲ ವಜಾ ಆಗುತ್ತದೆ ಎಂಬ ಲೆಕ್ಕಾಚಾರ ಇರಬೇಕು. ಇಂಥ ಲೆಕ್ಕಾಚಾರಕ್ಕೆ ಉಗಿಯಬೇಕು ಅನ್ನಿಸಿತು. ಉಗಿಯಲು ಬಾಯಿ ಒಣಗಿತ್ತು. ಅವನ ಚೀಲವನ್ನು ಎತ್ತಿ ನನ್ನ ಎದೆಗೆ ಹಾಕಿಕೊಂಡು ಏರು ಹತ್ತತೊಡಗಿದೆ. ಚೀಲದಲ್ಲಿ ಅವನ ಪಾಸ್‌ಪೋರ್ಟ್ ಇತ್ತು, ಹಾಗಾಗಿ ಬಂದ. ನನ್ನ ಹಿಂದೆ ಅವನ ಉಸಿರಾಟ ಕೇಳುತ್ತಿತ್ತು. ಮೇಲೆ ದಾರಿ ಮಟ್ಟಸವಾದಾಗ ಚೀಲ ಕೊಟ್ಟೆ.

ತಂಗುಮನೆಯ ಯಜಮಾನ ತಡವಾಗಿ ಬಂದದ್ದಕ್ಕೆ ನಮ್ಮನ್ನು ಎಲ್ಲರ ಮುಂದೆ ಬೈದ. ಊಟಕ್ಕೆ ಅನ್ನ, ಕರಿ ಎನ್ನುವ ಗಟ್ಟಿ ಸಾರು, ಅದರಲ್ಲಿ ಮಾಂಸದ ತುಂಡು. ಭಾಮೈದ ಬರೀ ಅನ್ನಕ್ಕೆ ಚಟ್ನಿಪುಡಿ ಕಲಸಿಕೊಂಡ. ಕೆಳಗೆ ನದಿಯ ದಂಡೆಯ ಹತ್ತಿರ ಬಿಸಿನೀರಿನ ತೊಟ್ಟಿ ಇತ್ತು, ಗಂಡಸರ ಸರದಿಯಲ್ಲಿ ಇಳಿದೆವು. ಸುತ್ತ ಕತ್ತಲಾಗುತ್ತಿದ್ದ ಪರ್ವತ, ನೀರಿನಲ್ಲಿ ಕುತ್ತಿಗೆವರೆಗೂ ಮುಳುಗಿದ ಅಪರಿಚಿತ ಗಂಡಸರು, ಎಲ್ಲರ ತಲೆಯ ಮೇಲೂ ಮಡಚಿದ ಪುಟ್ಟ ಟವೆಲ್ಲು. ಕೊಳಲಿನ ವಿಡಿಯೋದವರು ಇದನ್ನೇ ಹೇಳಿದ್ದಿರಬೇಕು. ಮೈ ಹಗುರವಾಯಿತು, ನಿಜ. ಮೈಯೇನು, ಯಾವ ಬಿಸಿನೀರಿಗೂ ಹಗುರವಾಗುತ್ತದೆ.

ನೀರಿನಲ್ಲೇ ಭಾಮೈದ, ನಾಳೆ ಹೇಳ್ತೀನಿ ಭಾವ, ಸಿಗ್ನಲ್ ಬಂದ ತಕ್ಷಣ ಅಮ್ಮಂಗೆ ಎಲ್ಲಾ ಹೇಳ್ತೀನಿ ಎಂದ. ನಾನು ನಂಬಿದೆ. ಮರುದಿನದ ದಾರಿ ಪೂರ್ತಿ ನಂಬಿಕೊಂಡೇ ನಡೆದೆ. ಬೆಟ್ಟದ ಸೊಂಟದಲ್ಲಿ ಗೆರೆ ಕೊರೆದಂತೆ ಮಟ್ಟಸವಾದ ದಾರಿ ಅದು. ಹಣೆಗೆ ದೀಪ ಕಟ್ಟಿಕೊಂಡು ದಾಟುವ ಸುರಂಗ, ಪಾದ ಮುಳುಗುವ ತಣ್ಣೀರು. ಅಲ್ಲೆಲ್ಲ ನಾನು ಅತ್ತೆಗೆ ಏನು ಹೇಳಬೇಕು ಎಂದು ಜೋಡಿಸಿಕೊಳ್ಳುತ್ತಿದ್ದೆ. ಮೊದಲು ಆರೋಗ್ಯ ಕೇಳಬೇಕು. ಆಮೇಲೆ ಅವರೇ ಮಾತಾಡಲಿ. ಕಾಲಿನ ಕೆಳಗೆ ಏನೂ ಇಲ್ಲದ ಜಾಗದಲ್ಲಿ ಇಂಥ ಯೋಚನೆ ಮಾಡುವವನನ್ನು ಏನೆನ್ನಬೇಕೋ.

ಕೊನೆಯ ಇಳಿಜಾರು ಮುಗಿದು ಪುಟ್ಟ ರೈಲು ನಿಲ್ದಾಣ ಬಂತು. ಟಿಕೆಟ್ ತೆಗೆದುಕೊಂಡು ಬೆಂಚಿನ ಮೇಲೆ ಕೂತೆವು. ಅವನ ಫೋನಿಗೆ ಸಿಗ್ನಲ್ ಬಂತು. ನನ್ನ ಮುಖ ನೋಡಿ ಅಮ್ಮನಿಗೆ ಕರೆ ಮಾಡಿದ. ಒಂದೇ ರಿಂಗಿಗೆ ಎತ್ತಿದರು. ಅವರ ದನಿ ಹೊರಗೆ ಕೇಳುತ್ತಿತ್ತು. ಎಲ್ಲಿದೀಯೋ, ಊಟ ಮಾಡಿದ್ಯೇನೋ, ಕಾಲು ನೋವಾ ಎಂದು ಒಂದೇ ಉಸಿರಿಗೆ ಕೇಳಿದರು. ಆಮೇಲೆ ಕೇಳಿದರು.

"ಹತ್ತಲಿಲ್ಲ ತಾನೇ?"

ಅವನು ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ.

"ಇಲ್ಲಮ್ಮ. ಬರೀ ಇಳಿದಿದ್ದು."

ಅತ್ತ ಕಡೆಯಿಂದ ನಿಟ್ಟುಸಿರು ಕೇಳಿತು. ನೀನೊಬ್ಬ ಚೆನ್ನಾಗಿರಪ್ಪ ಸಾಕು ಎಂದರು. ಫೋನು ನನ್ನ ಕೈಗೆ ಎಟಕುವಷ್ಟು ಹತ್ತಿರ ಇತ್ತು. ಕಿತ್ತುಕೊಂಡು ಎಲ್ಲವನ್ನೂ ಹೇಳಬಹುದಿತ್ತು. ಸಾವನದುರ್ಗ, ಸ್ಕಂದಗಿರಿ, ಕೊಡಚಾದ್ರಿ ಎಂದು ಮೂರು ಹೆಸರು ಸಾಕಿತ್ತು. ಹೇಳಲಿಲ್ಲ. ಇದನ್ನು ಯಾರೂ ದೊಡ್ಡತನ ಎಂದುಕೊಳ್ಳಬೇಡಿ. ಉಳಿದ ಒಬ್ಬ ಮಗನ ಮೇಲೆ ಆ ಹೆಂಗಸು ಅದೇ ಹುಚ್ಚು ತೀರ್ಪು ಕೊಡುವುದನ್ನು ಕೇಳಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ, ಅಷ್ಟೇ. ಯಾರ ತಲೆಗಾದರೂ ಅದನ್ನು ಕಟ್ಟಲೇಬೇಕಿದ್ದರೆ, ಆಗಲೇ ಕಟ್ಟಿಸಿಕೊಂಡವನಿಗೆ ಇರಲಿ.

ಭಾವನಿಗೆ ಕೊಡಲಾ ಎಂದು ಅವನು ಕೇಳಿದ. ಅತ್ತೆ ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಫೋನು ಇಟ್ಟುಬಿಟ್ಟರು.

ರೈಲು ಬಂತು. ಬದಿಯಿಲ್ಲದ ಪುಟ್ಟ ಡಬ್ಬಿಗಳು, ಪ್ರವಾಸಿಗಳು, ಧ್ವನಿವರ್ಧಕದಲ್ಲಿ ಕಣಿವೆಯ ಸೊಬಗಿನ ವಿವರಣೆ. ಭಾಮೈದ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದ. ನಾನು ತಳ್ಳಲಿಲ್ಲ. ವಾರದ ನಂತರ ಅಕ್ಕನ ಎರಡು ರೇಷ್ಮೆ ಸೀರೆ, ಪದವಿಯ ಫೋಟೋ, ಅವಳ ಕನ್ನಡಕ ತೆಗೆದುಕೊಂಡು ಊರಿಗೆ ಹೋದ. ವಿಮಾನ ನಿಲ್ದಾಣದಲ್ಲಿ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದ. ಏಳು ಮಾರಾಯ, ಜನ ನೋಡ್ತಾರೆ ಎಂದೆ.

ಚಳಿಗಾಲದಲ್ಲಿ ಮಾವನ ವರ್ಷಾಬ್ದಿಕ ಆಯಿತು. ಈ ಮೇ ತಿಂಗಳಲ್ಲಿ ಅವಳದೂ ವರ್ಷ ತುಂಬಿತು. ಈಗ ನಾವೆಲ್ಲರೂ ಯಾವ ಬೆಟ್ಟವನ್ನು ಬೇಕಾದರೂ ಹತ್ತಬಹುದು. ಭಾಮೈದ ಹತ್ತುತ್ತಿದ್ದಾನೆ, ಫೋಟೋ ಕಳಿಸುತ್ತಾನೆ. ನಾನು ಪ್ರತಿ ಭಾನುವಾರ ತುಮಕೂರಿಗೆ ಫೋನ್ ಮಾಡುತ್ತೇನೆ. ಅತ್ತೆ ನನ್ನ ಜೊತೆ ಇನ್ನೂ ಮಾತಾಡಿಲ್ಲ.